ನಲವತ್ತೆರಡು ಸೆಂಟ್ ಮಳೆ ಬಿದ್ದ ದಿನ

ಅಥವಾ ಕಾರು ಬಿಳಿಯದಾಗಿರಲಿಲ್ಲವೋ ಏನೋ. ಬಿಳಿ ಎಂದು ಪೊಲೀಸರಿಗೆ ಹೇಳಿದ್ದೇನೆ, ಅವರು ಬರೆದುಕೊಂಡಿದ್ದಾರೆ, ನಾನು ಸಹಿ ಹಾಕಿದ್ದೇನೆ. ಅಲ್ಲಿಂದೀಚೆಗೆ ನನ್ನ ತಲೆಯಲ್ಲೂ ಅದು ಬಿಳಿಯಾಗಿಯೇ ನಿಂತುಬಿಟ್ಟಿದೆ. ಸಹಿ ಹಾಕುವ ಮೊದಲು ಅದರ ಬಣ್ಣ ಏನಿತ್ತು ಎಂದು ಹಿಂದೆ ಹೋಗಿ ನೋಡಲು ಈಗ ಆಗುವುದಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರಿದ್ದರು, ಆಚೆ ಬದಿಗೆ ಕಾಕ ಕೂತಿದ್ದರು. ಇಷ್ಟು ಖಚಿತ ಎಂದು ಬರೆಯಲು ಹೊರಟೆ. ಖಚಿತ ಎಂಬ ಮಾತನ್ನು ಹೊಡೆದು ಹಾಕುತ್ತೇನೆ. ಕಾಕನನ್ನು ನೋಡಿದೆ ಎಂಬುದು ಮಾತ್ರ ಇರಲಿ. ಅದನ್ನೂ ಬಿಟ್ಟರೆ ಬರೆಯುವುದಕ್ಕೇ ಏನೂ ಉಳಿಯುವುದಿಲ್ಲ.

ಕಾಕ ಎಂದು ನಾವೆಲ್ಲ ಕರೆಯುತ್ತಿದ್ದವರು ಬಣಕಲ್‌ನ ಕಾಫಿ ವ್ಯಾಪಾರಿ. ಸಣ್ಣ ಬೆಳೆಗಾರರಿಂದ ಚೆರಿಯನ್ನು, ಎಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಕಣದಲ್ಲೇ ಕೊಂಡು ದೊಡ್ಡವರಿಗೆ ಮಾರುತ್ತಿದ್ದವರು. ಅಪ್ಪನ ಪಾಲಿನಿಂದ ನನಗೆ ಬಂದದ್ದು ಬಾಳೂರಿನ ಹತ್ತಿರ ಎಂಟು ಎಕರೆ ರೊಬಸ್ಟಾ. ಹದಿನಾಲ್ಕು ವರ್ಷ ನನ್ನ ಕಾಫಿ ಹೋದದ್ದು ಅವರಿಗೇ. ಕಣಕ್ಕೆ ಬಂದವರೇ ಒಂದು ಹಿಡಿ ಚೆರಿ ಎತ್ತಿ, ಮುಷ್ಟಿ ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. "ಇನ್ನೂ ಎರಡು ಬಿಸಿಲು ಬೇಕಕ್ಕ, ಇದು ಮಾತಾಡ್ತಾ ಇಲ್ಲ" ಎನ್ನುತ್ತಿದ್ದರು. ನಾನು "ನಿಮಗೆ ಕಿವಿ ಕೇಳ್ಸಲ್ಲ ಕಾಕ" ಎನ್ನುತ್ತಿದ್ದೆ. "ರೇಟು ಹೇಳಿದ್ರೆ ಕೇಳ್ಸುತ್ತೆ ನೋಡಿ" ಎಂದು ನಗುತ್ತಿದ್ದರು. ಇದೇ ಮಾತು ಪ್ರತಿ ವರ್ಷ ನಡೆಯುತ್ತಿತ್ತೇ, ಅಥವಾ ಒಮ್ಮೆ ನಡೆದದ್ದನ್ನು ನಾನು ಹದಿನಾಲ್ಕು ವರ್ಷಕ್ಕೂ ಹಂಚಿದ್ದೇನೆಯೇ ಎಂಬುದು ಬೇರೆ ಪ್ರಶ್ನೆ.

ಅವರ ಕೆಲಸದ ರೀತಿ ಹೀಗಿತ್ತು: ಯಾರು ಫೋನ್ ಮಾಡಿ ಮಾಲು ಇದೆ ಎಂದರೂ ಹೋಗಿ ನೋಡುವುದು. ಮೇಲಿನ ತೋಟಗಳಿಗೆ ಅವರ ಸಣ್ಣ ಗಾಡಿ ಹತ್ತುವುದಿಲ್ಲ. ಅದನ್ನು ಕ್ರಾಸಿನಲ್ಲಿ ನಿಲ್ಲಿಸಿ, ಮಾರುವವನ ಜೀಪಿನಲ್ಲೋ ಕಾರಿನಲ್ಲೋ ಹತ್ತಿ ಹೋಗುತ್ತಿದ್ದರು. ಗುರುತಿಲ್ಲದವರ ಗಾಡಿ ಹತ್ತಬೇಡಿ ಎಂದು ಇಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಹತ್ತದಿದ್ದರೆ ವ್ಯಾಪಾರವೇ ಇಲ್ಲ.

ಕಾಫಿ ರೇಟು ಏರಿದ ವರ್ಷ ಅದು. ಮಾರ್ಚ್ ತಿಂಗಳ ಒಂದು ಸೋಮವಾರ ಹಾಗೆ ಹತ್ತಿ ಹೋದವರು ವಾಪಸು ಬರಲಿಲ್ಲ. ಕರೆದುಕೊಂಡು ಹೋದವರು ಇಬ್ಬರು. ಅವರಲ್ಲೊಬ್ಬ ಹಿಂದೆ ಎರಡು ಸೀಸನ್ ಕಾಕನ ಗೋಡೌನಿನಲ್ಲಿ ಮೂಟೆ ಹೊತ್ತವನು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಮಂಗಳವಾರ ಬೆಳಿಗ್ಗೆ ಕಾಕನ ಫೋನಿನಿಂದಲೇ ಅವರ ತಮ್ಮನಿಗೆ ಕರೆ ಬಂತು. ದೊಡ್ಡ ಮೊತ್ತ ಕೇಳಿದರು, ಪೊಲೀಸರಿಗೆ ಹೇಳಿದರೆ ಹೆಣ ಸಿಗುತ್ತದೆ ಎಂದರು. ಆ ತಮ್ಮ ಬಣಕಲ್‌ನಲ್ಲಿ ಗ್ಯಾರೇಜ್ ಇಟ್ಟವರು, ಜೀಪು ರಿಪೇರಿಯವರು. ಮನೆಯವರೆಲ್ಲ ಸೇರಿ ಬಾಯಿ ಮುಚ್ಚಿಕೊಂಡರು. ಕೇಳಿದವರಿಗೆ ಕಾಕ ಮಂಗಳೂರಿನ ಆಸ್ಪತ್ರೆಯಲ್ಲಿ ನೆಂಟರನ್ನು ನೋಡಲು ಹೋಗಿದ್ದಾರೆ ಎಂದರು.

ಹಿರಿಯ ಸಂಬಂಧಿಯೊಬ್ಬರು ತಮ್ಮನಿಗೆ ಒಂದೇ ಬುದ್ಧಿ ಹೇಳಿದ್ದರಂತೆ: ಅಣ್ಣನ ಸ್ವರ ಕೇಳದೆ ಕೊಡಬೇಡ. ಬುಧವಾರ ಮಧ್ಯಾಹ್ನ ಎರಡನೇ ಕರೆ ಬಂದಾಗ ತಮ್ಮ, ಅಣ್ಣನ ಸ್ವರ ಕೇಳಿಸಿ ಎಂದರು. ಆ ಕಡೆಯವರು ಸಂಜೆಯೊಳಗೆ ದುಡ್ಡು ತಾ ಎಂದರು. ಇವರು, ಸ್ವರ ಕೇಳದೆ ಒಂದು ರೂಪಾಯಿಯೂ ಇಲ್ಲ ಎಂದು ಹೇಳಿ ಫೋನ್ ಕಟ್ ಮಾಡಿದರು. ಕಟ್ ಮಾಡಿದ್ದು ಇವರೇ. ಮತ್ತೆ ಕರೆ ಬರಲಿಲ್ಲ. ಗುರುವಾರ ಪೊಲೀಸರ ಹತ್ತಿರ ಹೋದರು. ಮರುವಾರದ ಶುಕ್ರವಾರ, ಬಾಳೂರಿನಿಂದ ಆಚೆ ಪಾಳುಬಿದ್ದ ಒಂದು ಕೂಲಿ ಲೈನಿನ ಸಾಲುಮನೆಗಳ ಹಿಂದಿನ ಹಳ್ಳದಲ್ಲಿ ಸೌದೆಗೆ ಹೋದವರಿಗೆ ಕಾಕ ಸಿಕ್ಕರು.

ಆ ದಿನ ತೋಟಗಳೆಲ್ಲ ಹೂವಾಗಿದ್ದವು, ಕಾಫಿ ಹೂವಿನ ಪರಿಮಳದಲ್ಲಿ ಬೇರೆ ವಾಸನೆ ಯಾರಿಗೂ ತಿಳಿಯಲಿಲ್ಲ ಎಂದು ಒಬ್ಬರು ಹೇಳಿದರು. ಈಗ ಎಲ್ಲರೂ ಅದನ್ನೇ ಹೇಳುತ್ತಾರೆ. ಬಹಳ ಚೆನ್ನಾಗಿ ಹೊಂದಿಕೊಳ್ಳುವ ಮಾತು. ಅದಕ್ಕೇ ನಾನು ಅದನ್ನು ನಂಬುವುದಿಲ್ಲ. ಸ್ಪ್ರಿಂಕ್ಲರ್‌ನಲ್ಲಿ ಮೊದಲೇ ನೀರು ಹಾಯಿಸಿದ್ದ ತೋಟಗಳಲ್ಲಿ ಹೂ ಅರಳಿ ಯಾವಾಗಲೋ ಬಿದ್ದುಹೋಗಿತ್ತು.

ಈಗ ನಾನು ನೋಡಿದ್ದು. ಒಂದು ಸಲ ಬರೆಯುತ್ತೇನೆ, ತಪ್ಪಿದರೆ ಮತ್ತೆ ಬರೆಯುತ್ತೇನೆ.

ಸಂಜೆ ಐದರ ಸುಮಾರು. ಕೊಟ್ಟಿಗೆಹಾರದ ಕಡೆಯಿಂದ ಕಪ್ಪು ಮೋಡ ಎದ್ದಿತ್ತು. ಕಣದಲ್ಲಿ ಕೊನೆಯ ಚೆರಿ ಹರಡಿತ್ತು. ನಾನೂ ಕೆಲಸಕ್ಕೆ ಬರುವ ಹೆಂಗಸೂ ರಾಶಿ ಮಾಡಿ ಟಾರ್ಪಾಲು ಎಳೆಯುತ್ತಿದ್ದೆವು. ನಮ್ಮ ಕಣ ರಸ್ತೆಯ ತಿರುವಿನಲ್ಲೇ ಇದೆ. ಕಾರು ಕಳಸದ ದಿಕ್ಕಿಗೆ ಹೋಯಿತು. ಆ ರಸ್ತೆಯಲ್ಲಿ ದಿನವಿಡೀ ಹೊರನಾಡಿಗೆ ಹೋಗುವವರ ಕಾರುಗಳು ಇರುತ್ತವೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ತಿರುವಿನಲ್ಲಿ ನಿಧಾನ ಮಾಡಿದ್ದಕ್ಕೆ ನೋಡಿದೆ. ಕಾಕ ಒಳಗಿದ್ದರು. ನಾನು ಟಾರ್ಪಾಲು ಹಿಡಿದ ಕೈಯನ್ನೇ ಎತ್ತಿದೆ. ಅವರು ನನ್ನನ್ನು ನೋಡಿದರು. ಕೈ ಎತ್ತಲಿಲ್ಲ. ಯಾವುದೋ ಮಾಲು ನೋಡಲು ಹೊರಟಿದ್ದಾರೆ, ನನ್ನ ಪೈಪೋಟಿಯವರ ಮಾಲು, ಅದಕ್ಕೇ ಮುಖ ತಿರುಗಿಸಿದರು ಎಂದುಕೊಂಡೆ. ಮನಸ್ಸಿನಲ್ಲೇ ಸ್ವಲ್ಪ ಬೈದೆ ಕೂಡ. ಟಾರ್ಪಾಲಿನ ಮೇಲೆ ಕಲ್ಲು ಇಡುವಷ್ಟರಲ್ಲಿ ಮಳೆ ಹೊಡೆಯಿತು. ವರ್ಷದ ಮೊದಲ ಹೂಮಳೆ, ಕಾಫಿ ಮೊಗ್ಗು ಅರಳಿಸುವ ಮಳೆ.

ಮತ್ತೆ ಬರೆಯುತ್ತೇನೆ. ಅವರು ಮುಖ ತಿರುಗಿಸಲಿಲ್ಲ. ಅವರು ನೋಡಿದರೋ ಇಲ್ಲವೋ. ಗಾಜಿನ ಮೇಲೆ ಮೋಡದ ನೆರಳಿತ್ತು. ನಾನು ಬೈದದ್ದು ನಿಜ. ಬೈದದ್ದು ನೆನಪಿರುವುದರಿಂದ ಅವರು ಕೈ ಎತ್ತಲಿಲ್ಲ ಎಂಬುದು ನಿಜವಿರಬೇಕು. ನನ್ನ ನೆನಪು ಕೆಲಸ ಮಾಡುವುದು ಹೀಗೆ, ಹಿಂದುಮುಂದಾಗಿ. ನನ್ನ ಗಮನವೆಲ್ಲ ಆಕಾಶದ ಮೇಲಿತ್ತು ಎಂಬುದನ್ನೂ ಹೇಳಬೇಕು. ಹೂಮಳೆ ಒಂದು ಇಂಚು ಬಿದ್ದರೆ ವರ್ಷ ಗೆದ್ದ ಹಾಗೆ. ಅರೆಬರೆ ಬಿದ್ದರೆ ಮೊಗ್ಗು ಅರಳಲೂ ಆಗದೆ ಉಳಿಯಲೂ ಆಗದೆ ಕೆಡುತ್ತದೆ. ಆ ಹೊತ್ತಿಗೆ ನನ್ನ ಕಣ್ಣೆದುರು ಹಾದುಹೋದದ್ದು ಯಾರ ಜೀವ ಎಂದು ನನಗೆ ತಿಳಿದಿರಲಿಲ್ಲ. ನಾನು ಮಳೆ ನಿಲ್ಲದಿರಲಿ ಎಂದು ಬೇಡುತ್ತಿದ್ದೆ.

ಹೆಣ ಸಿಕ್ಕ ಮೇಲೆ ನಾನೇ ಠಾಣೆಗೆ ಹೋದೆ. ಅಧಿಕಾರಿ ಕೇಳಿದರು: "ಯಾವ ದಿನಮ್ಮ ನೋಡಿದ್ದು?"

"ಆ ವಾರ. ಮಳೆ ಬಂದ ದಿನ."

"ಮಳೆ ಬಂದ ದಿನ ಅಂದ್ರೆ? ಮಂಗಳವಾರ, ಬುಧವಾರ ಎರಡೂ ದಿನ ಅಲ್ಲಲ್ಲಿ ಬಂದಿದೆ."

"ನಮ್ಮಲ್ಲಿ ಒಂದೇ ದಿನ ಬಂದಿದ್ದು. ಬರ್ಕೊಂಡಿದೀನಿ."

ಈ ಗುಡ್ಡಗಳಲ್ಲಿ ಮಳೆ ಬರೆಯದ ಮನೆ ಕಡಿಮೆ. ಅಂಗಳದಲ್ಲಿ ಒಂದು ಮಳೆಮಾಪಕ, ಬೆಳಿಗ್ಗೆ ಎಂಟಕ್ಕೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡಿ ಪುಸ್ತಕಕ್ಕೆ ಹತ್ತಿಸುವುದು. ಇಂಚು, ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟು. ಮೊದಲ ಮಳೆಯ ಮರುದಿನ ಫೋನಿನಲ್ಲಿ ಯಾರೂ ಆರೋಗ್ಯ ಕೇಳುವುದಿಲ್ಲ, "ನಿಮ್ಮಲ್ಲಿ ಎಷ್ಟು ಸೆಂಟು" ಎಂದೇ ಶುರು. ಒಂದು ಗುಡ್ಡದ ಈ ಮಗ್ಗುಲಿಗೆ ಬಿದ್ದದ್ದು ಆ ಮಗ್ಗುಲಿಗೆ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದಲೂ ಪುಸ್ತಕ ಇದೆ. ಅದನ್ನು ತಂದು ಠಾಣೆಯ ಮೇಜಿನ ಮೇಲಿಟ್ಟೆ. ಆ ವಾರದಲ್ಲಿ ಒಂದೇ ಬರಹ, ಬುಧವಾರದ ಎದುರು: ನಲವತ್ತೆರಡು ಸೆಂಟ್.

ಅಧಿಕಾರಿಗೆ ಖುಷಿಯಾಯಿತು. "ಎಲ್ರೂ ಹೀಗಿದ್ರೆ ನಮ್ಗೆ ಕೆಲ್ಸ ಎಷ್ಟು ಸುಲಭ" ಎಂದರು. ಬುಧವಾರ ಸಂಜೆ ಐದು ಗಂಟೆಗೆ ಜೀವಂತ ನೋಡಿದ್ದಾಗಿ ಬರೆಸಿ ಸಹಿ ಹಾಕಿದೆ. ಪುಸ್ತಕದ ಪುಟಕ್ಕೆ ಫೋಟೋ ಹೊಡೆದುಕೊಂಡರು. ಮನೆಗೆ ಬರುವಾಗ, ಒಂದು ಉಪಕಾರ ಮಾಡಿದೆ ಎಂಬ ನೆಮ್ಮದಿ ಇತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಸಿಕ್ಕಿಬಿದ್ದ ಇಬ್ಬರಲ್ಲಿ ಮೂಟೆ ಹೊತ್ತವನು, ಮಂಗಳವಾರ ಸಂಜೆ ಮಾಸ್ಕ್ ಜಾರಿ ಕಾಕ ತನ್ನ ಗುರುತು ಹಿಡಿದಾಗಲೇ ಇನ್ನೊಬ್ಬ ಕುತ್ತಿಗೆ ಒತ್ತಿದ ಎಂದ. ಇನ್ನೊಬ್ಬ, ಬುಧವಾರ ಕಾಕನ ತಮ್ಮ ಫೋನ್ ಕಟ್ ಮಾಡಿದ ಮೇಲೆ ಮೂಟೆ ಹೊತ್ತವನೇ ಕೊಂದ ಎಂದ. ಇಬ್ಬರೂ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರು. ಒಂಬತ್ತೋ ಹತ್ತೋ ದಿನ ಹಳ್ಳದಲ್ಲಿದ್ದ ದೇಹ ಒಂದು ದಿನದ ವ್ಯತ್ಯಾಸ ಹೇಳುವುದಿಲ್ಲ ಎಂದು ಡಾಕ್ಟರು ಬರೆದರು. ಹಾಗಾಗಿ ದಿನ ಹೇಳಬಲ್ಲವಳು ನಾನೊಬ್ಬಳೇ ಆದೆ. ನನ್ನ ಬುಧವಾರದ ಅರ್ಥ ಇಷ್ಟೇ: ತಮ್ಮ ಫೋನ್ ಕಟ್ ಮಾಡಿದಾಗ ಅಣ್ಣ ಬದುಕಿದ್ದರು.

ಅದನ್ನು ಕೇಳಿದ ಮೇಲೆ ಕಾಕನ ತಮ್ಮ ಗ್ಯಾರೇಜ್ ತೆರೆಯಲಿಲ್ಲವಂತೆ. ಆಮೇಲೆ ತೆರೆದರು, ಆದರೆ ಫೋನ್ ಇಟ್ಟುಕೊಳ್ಳುವುದನ್ನು ಬಿಟ್ಟರು. ಗಿರಾಕಿಗಳು ನೇರ ಹೋಗಬೇಕು. ಇದನ್ನು ನನಗೆ ಹೇಳಿದವರು ಮೂವರು. ಮೂವರೂ ಬೇರೆಬೇರೆ ತಿಂಗಳ ಲೆಕ್ಕ ಕೊಟ್ಟರು.

ಮರುವರ್ಷ ಜನವರಿಯಲ್ಲಿ ಪಕ್ಕದ ಎಸ್ಟೇಟಿನ ರೈಟರು, ಎಂದರೆ ಅಲ್ಲಿನ ಲೆಕ್ಕ ಬರೆಯುವವರು, ಕಳೆದ ವರ್ಷದ ಒಟ್ಟು ಮಳೆ ಹೋಲಿಸಿ ನೋಡೋಣ ಎಂದು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದರು. ಪ್ರತಿ ವರ್ಷದ ಪದ್ಧತಿ. ಕಾಫಿ ಕುಡಿಯುತ್ತಾ ನಕ್ಕರು.

"ಮುಂಚೆ ನಿಮ್ಮ ಮಳೆ ನಮಗಿಂತ ಒಂದು ದಿನ ಮುಂಚೆನೇ ಬೀಳ್ತಿತ್ತು ನೋಡಿ ಅಕ್ಕ. ಮೋಡದವರ ಹತ್ರ ನಿಮ್ದೊಂದು ಬೇರೆ ಒಪ್ಪಂದ ಇತ್ತು."

"ಅದು ಅಪ್ಪ ಬರೀತಿದ್ದ ರೀತಿ ಮಾರಾಯ್ರೆ" ಎಂದೆ.

ಹೇಳುತ್ತಿದ್ದ ಹಾಗೆ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ಅಪ್ಪ ಬೆಳಿಗ್ಗೆ ಎಂಟಕ್ಕೆ ಅಳೆದ ನೀರನ್ನು ಹಿಂದಿನ ದಿನದ ಎದುರು ಬರೆಯುತ್ತಿದ್ದರು. ಮಳೆ ಬಿದ್ದದ್ದು ನಿನ್ನೆ ತಾನೇ ಎಂಬುದು ಅವರ ವಾದ. ಎಸ್ಟೇಟುಗಳಲ್ಲಿ ಅಳೆದ ದಿನದ ಎದುರೇ ಬರೆಯುತ್ತಾರೆ. ನಾನು ವರ್ಷಗಟ್ಟಲೆ ಅಪ್ಪನ ಹಾಗೆ ಬರೆದು, ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರೂ ತಮಾಷೆ ಮಾಡಿದ ಮೇಲೆ ಎಸ್ಟೇಟಿನವರ ಹಾಗೆ ಬರೆಯತೊಡಗಿದೆ. ಯಾವಾಗಿನಿಂದ? ಅಪ್ಪನ ರೀತಿಯಾದರೆ ಬುಧವಾರದ ನಲವತ್ತೆರಡು ಸೆಂಟ್ ಬುಧವಾರ ಸಂಜೆಯ ಮಳೆ. ಎಸ್ಟೇಟಿನ ರೀತಿಯಾದರೆ ಅದು ಬುಧವಾರ ಬೆಳಿಗ್ಗೆ ಅಳೆದದ್ದು, ಬಿದ್ದದ್ದು ಮಂಗಳವಾರ ಸಂಜೆ. ಠಾಣೆಯ ಮೇಜಿನ ಮುಂದೆ ಇದು ನನ್ನ ತಲೆಗೆ ಬರಲೇ ಇಲ್ಲ. ಪುಸ್ತಕ ಬುಧವಾರ ಎಂದಿತು, ನಾನೂ ಬುಧವಾರ ಎಂದೆ.

ಆ ದಿನ ರೈಟರನ್ನು ಮನೆಗೆ ಹೋಗಲು ಬಿಡಲಿಲ್ಲ. ಎರಡೂ ಪುಸ್ತಕ ಜಗಲಿಯ ಮೇಲೆ ತೆರೆದು ಕೂತೆವು. ಕೊಲೆಗೆ ಮೊದಲಿನ ನವೆಂಬರಿನಲ್ಲಿ ನನ್ನ ಮಳೆಗಳು ಅವರದಕ್ಕಿಂತ ಒಂದು ದಿನ ಮುಂಚೆ ಇದ್ದವು. ಅಂದರೆ ಅಪ್ಪನ ರೀತಿ. ಕೊಲೆಯ ನಂತರದ ಏಪ್ರಿಲಿನಲ್ಲಿ ಇಬ್ಬರದೂ ಒಂದೇ ದಿನ. ಅಂದರೆ ಹೊಸ ರೀತಿ. ಬದಲಾಯಿಸಿದ್ದು ನಡುವೆ ಯಾವಾಗಲೋ. ನಡುವೆ ಬಿದ್ದ ಮಳೆ ಒಂದೇ, ಆ ನಲವತ್ತೆರಡು ಸೆಂಟ್. ಅವರಲ್ಲಿ ಆ ವಾರ ಮಂಗಳವಾರವೂ ಬುಧವಾರವೂ ಬಿದ್ದಿತ್ತು, ಒಂದು ದಿನ ಎಂಬತ್ತು, ಒಂದು ದಿನ ಇಪ್ಪತ್ತು. ನನ್ನದು ಯಾವುದಕ್ಕೆ ಹೊಂದುತ್ತದೆ ಎಂದು ಹೇಳಲು ಬರುವ ಹಾಗಿರಲಿಲ್ಲ.

"ನೀವು ಹೊಸ ವರ್ಷದಿಂದ್ಲೇ ಬದಲಾಯಿಸಿದ್ರಿ ಅಂತ ನನ್ ಲೆಕ್ಕ" ಎಂದರು ರೈಟರು.

"ಯಾಕೆ ಹಾಗೆ ಹೇಳ್ತೀರಿ?"

"ಯಾಕೆ ಅಂದ್ರೆ… ಎಲ್ರೂ ಹೊಸ ವರ್ಷದಿಂದ್ಲೇ ಅಲ್ವಾ ಬದಲಾಯ್ಸೋದು."

ಇದು ಸಾಕ್ಷಿಯಲ್ಲ. ಗುಂಪಿನ ಹಳೆಯ ಸಂದೇಶ ಹುಡುಕಿದರೆ ಮಳೆ ಅಳತೆ ಹಾಕಿದ ದಿನ ಸಿಗುತ್ತಿತ್ತು. ಆದರೆ ಚುನಾವಣೆಯ ಜಗಳದಲ್ಲಿ ಆ ಗುಂಪೇ ಒಡೆದು ಹೊಸದಾಗಿತ್ತು, ನನ್ನ ಹಳೆಯ ಫೋನು ನೀರಿಗೆ ಬಿದ್ದು ಹೋಗಿತ್ತು. ಹಾಜರಿ ಪುಸ್ತಕ ನೋಡಿದೆ. ಎರಡೂ ದಿನ ಅದೇ ಹೆಂಗಸು ಬಂದಿದ್ದಾಳೆ. ಅವಳನ್ನೇ ಕೇಳಿದೆ.

"ಮಂಗಳವಾರನಾ, ಬುಧವಾರನಾ, ಯೋಚನೆ ಮಾಡಿ ಹೇಳು."

"ನಿಮಗೆ ಯಾವ್ದು ಬೇಕಮ್ಮಾ?"

"ನನಗೆ ಬೇಕಾಗಿದ್ದಲ್ಲ ಮಾರಾಯ್ತಿ, ನಿಂಗೆ ನೆನಪಿರೋದು."

"ನಂಗೆ ನೆನಪಿರೋದು ನೀವು ಟಾರ್ಪಾಲು ಉಲ್ಟಾ ಎಳೆದಿದ್ದು. ನನ್ ಕಾಲ್ ಮೇಲೆ ಕಲ್ಲು ಹಾಕಿದ್ದು. ಕಾರು ನಾನ್ ನೋಡೇ ಇಲ್ಲ."

ಆಕೆ ಆಗ ನನ್ನ ಪಕ್ಕದಲ್ಲೇ ಇದ್ದಳು. ಅವಳ ಪಾಲಿಗೆ ಕಾರೇ ಇಲ್ಲ.

ಸರ್ಕಾರಿ ವಕೀಲರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಕಾಗದದಿಂದ ತಲೆ ಎತ್ತದೆ, "ಸುಮ್ಮನೆ ಗೊಂದಲ ಮಾಡ್ಕೊಳ್ಬೇಡಿ ಅಮ್ಮ. ಯಾವ ದಿನ ಕೊಂದ್ರೂ ಕೊಲೆನೇ. ಕೇಳಿದಾಗ ನೆನಪಿದ್ದಷ್ಟು ಹೇಳಿ" ಎಂದರು. ಕೋರ್ಟಿಗೆ ಒಂದು ದಿನದಿಂದ ಆಗುವುದು ಏನೂ ಇರಲಿಲ್ಲ. ಬಣಕಲ್‌ನ ಗ್ಯಾರೇಜಿನಲ್ಲಿ ಫೋನಿಲ್ಲದೆ ಕೂತಿದ್ದವರಿಗೆ ಇತ್ತು.

ಅಲ್ಲಿಗೆ ಹೋಗಲು ನನಗೆ ಮೂರು ವಾರ ಹಿಡಿಯಿತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದೇ ಯೋಚನೆ: ಮಂಗಳವಾರ ಎಂದುಬಿಡಲೇ? ತಪ್ಪಾಗಿತ್ತು, ಪುಸ್ತಕ ನೋಡಿದೆ, ಖಂಡಿತ ಮಂಗಳವಾರ. ಅಷ್ಟು ಹೇಳಿದರೆ ಒಬ್ಬ ಮನುಷ್ಯ ರಾತ್ರಿ ಮಲಗಬಹುದು. ಕೊಟ್ಟಿಗೆಹಾರ ದಾಟುವಾಗ ಹಾಗೇ ಹೇಳುವುದು ಎಂದು ತೀರ್ಮಾನಿಸಿದ್ದೆ. ಬಣಕಲ್‌ನಲ್ಲಿ ಇಳಿಯುವಾಗಲೂ ತೀರ್ಮಾನ ಹಾಗೇ ಇತ್ತು.

ಅವರು ಒಂದು ಜೀಪಿನ ಅಡಿಯಲ್ಲಿ ಮಲಗಿದ್ದರು. ನನ್ನ ಚಪ್ಪಲಿ ನೋಡಿಯೋ ಏನೋ ಹೊರಬಂದರು. ಕೈ ಒರೆಸಿಕೊಂಡು ಸ್ಟೂಲು ತಳ್ಳಿದರು.

"ಕೂತ್ಕೊಳಿ ಅಕ್ಕ. ಅಣ್ಣನ ಬಾಕಿ ಏನಾದ್ರೂ ಇತ್ತಾ?"

"ಅದೆಂತದೂ ಇಲ್ಲ. ದಿನದ ವಿಷಯ."

ನಾನು ಶುರು ಮಾಡಿದೆ. ಅಪ್ಪನ ರೀತಿ, ಎಸ್ಟೇಟಿನ ರೀತಿ, ನವೆಂಬರು, ಏಪ್ರಿಲು. ಹೇಳುತ್ತಾ ಹೋದಂತೆ ನನಗೇ ಅದು ತಪ್ಪಿಸಿಕೊಳ್ಳುವವರ ಮಾತಿನಂತೆ ಕೇಳಿಸಿತು. ಕೊನೆಗೆ, "ಹಾಗಾಗಿ ಮಂಗಳವಾರ" ಎಂದೆ.

"ಮಂಗಳವಾರನಾ, ಮಂಗಳವಾರ ಇರಬಹುದಾ?"

"ಮಂಗಳವಾರವೇ ಇರಬೇಕು."

"ನನಗೋಸ್ಕರ ಹೇಳ್ತಾ ಇದೀರಾ?"

ನಾನು ಚೀಲದಿಂದ ಮಳೆಪುಸ್ತಕ ತೆಗೆಯಲು ಹೋದೆ. ಅದೇ ಉತ್ತರವಾಯಿತು ಅನ್ನಿಸುತ್ತದೆ. ಅವರು ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಾ ಹೇಳಿದರು:

"ನಾನೂ ಲೆಕ್ಕ ಹಾಕಿದೀನಿ ಅಕ್ಕ. ನೀವು ಮಂಗಳವಾರ ನೋಡಿದ್ರೂ ಅಣ್ಣ ಬುಧವಾರ ಬದುಕಿರಬಹುದು. ಅದು ನಂಗೆ ಗೊತ್ತು. ಆದ್ರೆ ಬುಧವಾರ ನೋಡಿದ್ದೇ ಹೌದು ಅಂದ್ರೆ ಬೇರೆ ದಾರೀನೇ ಇಲ್ಲ. ನಂಗೆ ಒಂದು ದಾರಿ ಇದೆಯಾ ಇಲ್ವಾ ಅಷ್ಟು ಹೇಳಿ."

"ಇದೆ" ಎಂದೆ. ಇದು ಸುಳ್ಳಲ್ಲ.

"ಪುಸ್ತಕ ಬಿಡಿ. ನಿಮ್ಮ ಕಣ್ಣು ಏನ್ ಹೇಳುತ್ತೆ?"

ಕಣ್ಣು ಮುಚ್ಚಿ ನೋಡಿದೆ. ಬಿಳಿ ಕಾರು ಬಂತು, ಸಹಿ ಹಾಕಿದ ಬಿಳಿ. ಕಾಕ ಆಚೆ ಬದಿಗೆ ಕೂತಿದ್ದರು. ಈ ಸಲ ಕೈ ಎತ್ತಿದರು. ಬೆಚ್ಚಿ ಕಣ್ಣು ತೆರೆದೆ. ಹಾಗೆ ಯಾವತ್ತೂ ಆಗಿರಲಿಲ್ಲ, ಅವರು ಯಾವತ್ತೂ ಕೈ ಎತ್ತಿರಲಿಲ್ಲ. ತಮ್ಮನ ಮುಖ ನೋಡಿಕೊಂಡು ಕೂತದ್ದಕ್ಕೆ ನನ್ನ ನೆನಪು ಅವರಿಗೆ ಬೇಕಾದ್ದನ್ನು ಹೊಸದಾಗಿ ಮಾಡಿ ಕೊಡುತ್ತಿತ್ತು. ಹಾಗಾದರೆ ಠಾಣೆಯಲ್ಲಿ ಅಧಿಕಾರಿಯ ಮುಖ ನೋಡಿಕೊಂಡು ಏನು ಮಾಡಿ ಕೊಟ್ಟಿತ್ತೋ.

"ಕಣ್ಣಿಗೆ ದಿನ ಗೊತ್ತಾಗಲ್ಲ" ಎಂದೆ.

ಅವರು ತಲೆಯಾಡಿಸಿದರು. "ಅಣ್ಣನ ಮುಖ ಹೇಗಿತ್ತು? ಹೊಡೆದ ಗುರುತು ಏನಾದ್ರೂ?"

"ಕಾಣ್ಲಿಲ್ಲ."

"ಇರ್ಲಿಲ್ವಾ, ಕಾಣ್ಲಿಲ್ವಾ?"

"ಕಾಣ್ಲಿಲ್ಲ. ನಾನು ಮೋಡ ನೋಡ್ತಿದ್ದೆ."

ಇದಕ್ಕೆ ಅವರು ಸಿಟ್ಟಾಗಬಹುದಿತ್ತು. ಆಗಲಿಲ್ಲ, ಅಥವಾ ತೋರಿಸಲಿಲ್ಲ. ಆ ಮಳೆ ಎಷ್ಟು ಬಿತ್ತು ಎಂದು ಕೇಳಿದರು. ನಲವತ್ತೆರಡು ಸೆಂಟ್ ಎಂದೆ. "ಅಷ್ಟಕ್ಕೆ ನಿಮ್ಮ ಹೂ ನಿಂತ್ಕೊಳ್ತಾ?" ಎಂದರು. ಅರ್ಧ ಹೋಯಿತು ಎಂದೆ. ಆಮೇಲೆ ಅವರು ಮತ್ತೆ ಜೀಪಿನ ಅಡಿಗೆ ಹೋದರು. ಅಲ್ಲಿಂದಲೇ, "ಕೋರ್ಟಲ್ಲಿ ಕರೆದ್ರೆ ಎರಡೂ ಹೇಳಿ ಅಕ್ಕ. ಒಂದನ್ನೇ ಹೇಳ್ಬೇಡಿ" ಎಂದರು. ನಾನು ಆಗಲಿ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಅವರು ಸುಲಿಗೆಗಾರರಿಗೆ ಸ್ವರ ಕೇಳಿಸಿ ಎಂದದ್ದು ತಪ್ಪಲ್ಲ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಅದರಿಂದ ದಿನ ಬದಲಾಗುವುದಿಲ್ಲ. ನಾನು ಹೊಸ ರೀತಿಯಲ್ಲಿ ಬರೆಯತೊಡಗಿದ್ದು ಆ ಮಳೆಗೆ ಮೊದಲೋ ಆಮೇಲೋ ನನಗೆ ಗೊತ್ತಿಲ್ಲ. ಮಂಗಳವಾರವೋ ಬುಧವಾರವೋ ಗೊತ್ತಿಲ್ಲ. ತಮ್ಮ ಫೋನ್ ಕಟ್ ಮಾಡಿದಾಗ ಕಾಕ ಬದುಕಿದ್ದರೋ ಇಲ್ಲವೋ, ಅದನ್ನು ಹೇಳಬಲ್ಲವರು ಇಬ್ಬರೇ ಇದ್ದಾರೆ, ಅವರು ಎರಡು ಬೇರೆ ಮಾತು ಹೇಳುತ್ತಾರೆ. ನನಗೆ ಗೊತ್ತಿಲ್ಲ.